ಎಸ್‌ಆರ್-22 ನಮ್ಮ ಸಿದ್ದಾಪುರಕ್ಕೆ ಯಾಕೆ ಬರಲಿಲ್ಲ?

ಅಮೆರಿಕಾದಲ್ಲಿರೋ ನಮ್ಮ ಶಿರಸಿ-ಸಿದ್ದಾಪುರ ಕಡೆಯ ಹುಡುಗರಲ್ಲಿ ಕೆಲವರಿಗಾದ್ರೂ ಎಸ್‌ಆರ್-22 ಅಂದ್ರೆ ಏನು ಅಂತ ಗೊತ್ತಿರುತ್ತೆ. ಊರಲ್ಲಿರೋರಿಗೆ ಹೇಳ್ತೀನಿ ಕೇಳಿ. ಕುಡಿದು ಗಾಡಿ ಓಡಿಸಿಯೋ, ಇನ್ಶೂರೆನ್ಸ್ ಇಲ್ಲದೆ ಓಡಿಸಿಯೋ ಲೈಸೆನ್ಸ್ ಕಳಕೊಂಡವನಿಗೆ ಅಲ್ಲಿನ ಬಹಳಷ್ಟು ರಾಜ್ಯಗಳು ಅದನ್ನು ಸುಮ್ಮನೆ ವಾಪಸ್ ಕೊಡೋದಿಲ್ಲ. "ಇವನಿಗೆ ಪಾಲಿಸಿ ಇದೆ" ಅಂತ ಇನ್ಶೂರೆನ್ಸ್ ಕಂಪನಿಯೇ ಸರ್ಕಾರಕ್ಕೆ ಬರೆದು ಕೊಡಬೇಕು. ಆ ಫಾರ್ಮಿನ ಹೆಸರು ಎಸ್‌ಆರ್-22. ಸಾಮಾನ್ಯವಾಗಿ ಮೂರು ವರ್ಷ ಇದು ಬೆನ್ನು ಬಿಡೋದಿಲ್ಲ. ನಡುವೆ ಪಾಲಿಸಿ ನಿಂತುಹೋದ್ರೆ ಕಂಪನಿಯೇ ಸರ್ಕಾರಕ್ಕೆ ತಿಳಿಸುತ್ತೆ, ಲೈಸೆನ್ಸ್ ಮತ್ತೆ ಹೋಯ್ತು. ತಮಾಷೆ ಅಂದ್ರೆ, ಸ್ವಂತ ಕಾರೇ ಇಲ್ಲದವನೂ ಇದನ್ನು ಮಾಡಿಸಬೇಕಾಗಿ ಬರಬಹುದು. ಅಂಥವರಿಗೆಂದೇ ಬೇರೆ ಪಾಲಿಸಿ ಸಿಗುತ್ತೆ :-)

ನಮ್ಮಲ್ಲಿ ಇಂಥದ್ದು ಯಾಕಿಲ್ಲ ಅಂತ ಹುಡುಕ್ತಾ ಹೋದ್ರೆ ಕಥೆ ನೂರು ವರ್ಷ ಹಿಂದಕ್ಕೆ ಹೋಗುತ್ತೆ. 1925ರಲ್ಲಿ ಕನೆಕ್ಟಿಕಟ್ ರಾಜ್ಯ ಒಂದು ಕಾನೂನು ಮಾಡಿತು. ಮೊದಲು ಯಾರನ್ನೂ ಕೇಳೋದಿಲ್ಲ, ಒಮ್ಮೆ ಅಪಘಾತ ಮಾಡಿದ್ರೆ ಮಾತ್ರ "ಮುಂದಿನ ಸಲ ಪರಿಹಾರ ಕೊಡೋ ತಾಕತ್ತಿದೆಯಾ ತೋರಿಸು" ಅನ್ನೋದು. ಪಕ್ಕದ ಮ್ಯಾಸಚೂಸೆಟ್ಸ್ 1927ರಿಂದ ಇದಕ್ಕೆ ತಿರುಗುಮುರುಗು ಮಾಡಿತು, ಅಲ್ಲಿ ಎಲ್ಲರಿಗೂ ಮೊದಲೇ ಇನ್ಶೂರೆನ್ಸ್ ಕಡ್ಡಾಯ. ಆದ್ರೆ ಬಹಳ ದಶಕ ಹೆಚ್ಚಿನ ರಾಜ್ಯಗಳು ಹಿಡಿದದ್ದು ಕನೆಕ್ಟಿಕಟ್ ದಾರಿಯನ್ನೇ. ಮೊದಲ ಸಲ ಗುದ್ದಿಸಿಕೊಂಡವನ ಗತಿ? ಅವನ ಹಣೆಬರಹ! ಆಮೇಲೆ ಅಲ್ಲಿ ಹೆಚ್ಚುಕಡಿಮೆ ಎಲ್ಲಾ ಕಡೆ ಕಡ್ಡಾಯ ಆಯ್ತು, ಆದ್ರೂ ಎಸ್‌ಆರ್-22 ಆ ಹಳೇ ಯೋಚನೆಯ ಪಳೆಯುಳಿಕೆಯಾಗಿ ಉಳಕೊಂಡಿದೆ.

ನಮಗೆ ಬಂದದ್ದು ಬ್ರಿಟನ್ನಿನ ಮಾದರಿ. ಅವರ 1930ರ ರಸ್ತೆ ಕಾಯ್ದೆ, ತಪ್ಪು ಮಾಡಿರಲಿ ಬಿಡಲಿ, ರಸ್ತೆಗಿಳಿಯೋ ಎಲ್ಲರಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು ಅಂದಿತು. ಅದನ್ನೇ ನೋಡಿ ನಮ್ಮ 1939ರ ಮೋಟಾರು ವಾಹನ ಕಾಯ್ದೆಯ ಎಂಟನೇ ಅಧ್ಯಾಯ ಬರೆದರು. ಅದು ಜಾರಿಗೆ ಬಂದದ್ದು ಮಾತ್ರ 1946ರ ಜುಲೈ 1ಕ್ಕೆ. ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಮುಂಬಯಿ ಪ್ರಾಂತ್ಯದ ಕೆನರಾ ಜಿಲ್ಲೆಯಲ್ಲಿದ್ದವು, ಅಂದ್ರೆ ನೇರ ಬ್ರಿಟಿಷ್ ಆಳ್ವಿಕೆ. ಸಿದ್ದಾಪುರ ದಾಟಿ ತಾಳಗುಪ್ಪದ ಕಡೆ ಹೊರಟ್ರೆ ಮೈಸೂರು ಸಂಸ್ಥಾನ. ಅಲ್ಲಿಗೆ ಈ ಕಾಯ್ದೆ ತಾನಾಗಿ ಅನ್ವಯಿಸ್ತಿರಲಿಲ್ಲ. ಅದೇ ರಸ್ತೆ, ಅದೇ ಅಡಿಕೆ ಮೂಟೆ, ಗಡಿಯ ಈಚೆಗೊಂದು ಕಾನೂನು, ಆಚೆಗೊಂದು! 1956ರಲ್ಲಿ ಎರಡೂ ಕಡೆ ಒಂದೇ ರಾಜ್ಯ ಆಯ್ತು.

ಈ ಮಾದರಿ ನಮ್ಮಲ್ಲಿ ಬೇರು ಬಿಟ್ಟ ರೀತಿ ಗಮನಿಸಿ. ಪಾಲಿಸಿ ಅಂಟಿಕೊಂಡದ್ದು ಗಾಡಿಗೆ, ಮನುಷ್ಯನಿಗಲ್ಲ. ಗಾಡಿ ಮಾರಿದ್ರೆ ಥರ್ಡ್ ಪಾರ್ಟಿ ಪಾಲಿಸಿಯೂ ಅದರ ಜೊತೆಗೇ ಹೋಗುತ್ತೆ. ಹಾಗಾಗಿ ಪುರಾವೆ ಕೇಳೋದೂ ಗಾಡಿಯ ಕೆಲಸಕ್ಕೆ ಹೋದಾಗಲೇ. ಲಾರಿ-ಬಸ್ಸಿನವರು ಎಫ್‌ಸಿ ಮಾಡಿಸೋವಾಗ ತೋರಿಸಬೇಕು. ಬೈಕಿಗೆ ಒಮ್ಮೆ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿಬಿಟ್ರೆ ವರ್ಷವರ್ಷ ಆಫೀಸಿಗೆ ಹೋಗೋ ಕೆಲಸವೇ ಇಲ್ಲ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿಂದ ಹೊಸ ಬೈಕಿಗೆ ಐದು ವರ್ಷದ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಮಾಡಿಸಿ ಅಂದದ್ದು ಇದಕ್ಕೇ. ಆರನೇ ವರ್ಷ? ತೋಟಕ್ಕೂ ಸೊಸೈಟಿಗೂ ಮಾತ್ರ ಓಡಾಡೋ ಕೆಎ-31 ಬೈಕಿನ ಪೇಪರ್ ಯಾರು ಕೇಳ್ತಾರೆ ಮಾರಾಯ್ರೆ?

ಲೈಸೆನ್ಸಿನ ದಾರಿ ಪೂರ್ತಿ ಬೇರೆ. ಸಸ್ಪೆಂಡ್ ಆದವನು ಅದನ್ನು ವಾಪಸ್ ಪಡೆಯೋಕೆ ಮತ್ತೆ ಡ್ರೈವಿಂಗ್ ತರಬೇತಿ ಮುಗಿಸಬೇಕು ಅಂತ 2019ರ ತಿದ್ದುಪಡಿ ಹೇಳುತ್ತೆ. ಇನ್ಶೂರೆನ್ಸಿನ ಸುದ್ದಿ ಅಲ್ಲಿಲ್ಲ.

ಎರಡೂ ದಾರಿ ಸೇರೋದು ಅಪಘಾತ ಆದ ಮೇಲೆ, ಕೋರ್ಟಿನಲ್ಲಿ. ಲೈಸೆನ್ಸ್ ರದ್ದಾದವನು ದೇವಿಮನೆ ಘಟ್ಟದಲ್ಲಿ ಯಾರದೋ ಪಿಕಪ್ ಓಡಿಸಿ ಒಬ್ಬರಿಗೆ ಗುದ್ದಿದ ಅಂದುಕೊಳ್ಳಿ. "ಡ್ರೈವರಿಗೆ ಲೈಸೆನ್ಸೇ ಇರಲಿಲ್ಲ, ನಾವು ಕೊಡೋದಿಲ್ಲ" ಅಂತ ಕಂಪನಿ ವಾದಿಸಬಹುದು. 2004ರ ಸ್ವರಣ್ ಸಿಂಗ್ ತೀರ್ಪು ಇಲ್ಲಿ ದೊಡ್ಡದು. ಮಾಲೀಕ ಗೊತ್ತಿದ್ದೋ ಬೇಜವಾಬ್ದಾರಿಯಿಂದಲೋ ಅಂಥವನ ಕೈಗೆ ಗಾಡಿ ಕೊಟ್ಟ ಅಂತ ಕಂಪನಿಯೇ ಸಾಬೀತು ಮಾಡಬೇಕು. ಸಾಬೀತಾದ್ರೂ ಸಂತ್ರಸ್ತರಿಗೆ ಕಂಪನಿ ಮೊದಲು ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟು ಹೇಳಬಹುದು. ವಸೂಲಿ ಅಂದ್ರೆ ತೋಟಕ್ಕೇ ಬರುತ್ತೆ. ಇಷ್ಟಕ್ಕೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಅದೂ ಇಲ್ದಿದ್ರೆ ಸತ್ತವನ ಮನೆಯವರು ಡ್ರೈವರು, ಮಾಲೀಕರ ಹಿಂದೆಯೇ ಅಲೆಯಬೇಕು.

ಅಮೆರಿಕಾದ್ದೇ ಒಳ್ಳೇದು ಅಂತ ನಾನು ಹೇಳೋದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿಯ ಸಾವು-ಗಾಯಕ್ಕೆ ಬೇಕಾದ ಕನಿಷ್ಠ ಪಾಲಿಸಿ 2025ರ ಜನವರಿಯಿಂದ 30,000 ಡಾಲರ್, ಅದಕ್ಕೆ ಮೊದಲು ಬರೀ 15,000. ಆಸ್ಪತ್ರೆಯಲ್ಲಿ ಎರಡು ದಿನಕ್ಕೂ ಸಾಲದು. ನಮ್ಮ 1988ರ ಕಾಯ್ದೆ ಸಾವು-ಗಾಯದ ಪರಿಹಾರಕ್ಕೆ ಮಿತಿಯನ್ನೇ ತೆಗೆದುಹಾಕಿತು. ಪಾಲಿಸಿ ಇದ್ದರೆ ನಮ್ಮದೇ ಗಟ್ಟಿ.

ಆದ್ರೆ 2019ರಲ್ಲಿ ದಂಡಗಳನ್ನು ಏರಿಸಿದಾಗ ಏನಾಯ್ತು ನೋಡಿ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ರೆ ದಂಡದ ಜೊತೆ ಮೂರು ತಿಂಗಳು ಲೈಸೆನ್ಸೂ ಇಲ್ಲ. ಅದು ಅವನ ತಲೆಯ ಪ್ರಶ್ನೆ. ಇನ್ಶೂರೆನ್ಸ್ ಇಲ್ಲದಿರೋದು ಎದುರಿಗೆ ಬರೋನ ಮನೆಯ ಪ್ರಶ್ನೆ. ಅದಕ್ಕೆ ಮೊದಲ ಸಲ 2,000 ರೂಪಾಯಿ, ಎರಡನೇ ಸಲ 4,000. ಮೂರು ತಿಂಗಳ ಜೈಲಿಗೂ ಅವಕಾಶ ಇದೆ ಅಂತ ಕಾಯ್ದೆಯಲ್ಲಿದೆ, ಆದ್ರೆ ಲೈಸೆನ್ಸ್ ಕಿತ್ಕೊಳ್ಳೋ ಮಾತು ಆ ಸೆಕ್ಷನ್ನಿನಲ್ಲಿಲ್ಲ.