ಹೊಸ ಊರಿನಲ್ಲಿ ಒಲೆ ಹೂಡಿದವರು

ಊರುಗಳ ಚರಿತ್ರೆಯನ್ನು ಬರೆಯುವವರು ಅರಸರಿಂದ ಆರಂಭಿಸುವುದು ವಾಡಿಕೆ. ಯಾವ ಅರಸನು ಕೋಟೆಯನ್ನು ಕಟ್ಟಿಸಿದನು, ಯಾವ ದಿವಾನರು ಕಾರ್ಖಾನೆಗೆ ಅಡಿಪಾಯ ಹಾಕಿದರು, ರೈಲು ಎಂದು ಬಂದಿತು, ಇಷ್ಟನ್ನು ಹೇಳಿದರೆ ಊರಿನ ಕಥೆ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಕಟ್ಟಿಸಿದ ಊರು ಬೇರೆ, ಜನ ನೆಲೆನಿಂತ ಊರು ಬೇರೆ. ಹೊಸದಾಗಿ ಮದುವೆಯಾದ ಇಬ್ಬರು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ನಾಲ್ಕು ಪಾತ್ರೆಗಳೊಡನೆ ಬಂದಿಳಿದು, ಗುರುತಿಲ್ಲದ ಬೀದಿಯಲ್ಲಿ ಒಲೆ ಹೂಡಬೇಕು. ಆಗಲೇ ಊರು ಊರಾಗುವುದು. ಕನ್ನಡದಲ್ಲಿ ನಾವು ನೇಗಿಲನ್ನೂ ಹೂಡುತ್ತೇವೆ, ಒಲೆಯನ್ನೂ ಹೂಡುತ್ತೇವೆ, ಸಂಸಾರವನ್ನೂ ಹೂಡುತ್ತೇವೆ. ಮೂರಕ್ಕೂ ಒಂದೇ ಕ್ರಿಯಾಪದವಿರುವುದು ಯೋಚಿಸತಕ್ಕ ವಿಷಯ.

ಶಿವಮೊಗ್ಗ ನಗರದಲ್ಲಿ ಹೊಸಮನೆ ಎಂಬ ಬಡಾವಣೆಯುಂಟು. ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯಲ್ಲಿಯೂ ಅದೇ ಹೆಸರಿನ ಬಡಾವಣೆಯೊಂದುಂಟು. ಮೊದಲನೆಯದರಲ್ಲಿ ನಾನೂ ನನ್ನ ಹೆಂಡತಿಯೂ ಸಂಸಾರ ಹೂಡಿದೆವು. ಎರಡನೆಯದರಲ್ಲಿ ನಮಗಿಂತ ಅರ್ಧ ಶತಮಾನಕ್ಕೂ ಹಿಂದೆ ನನ್ನ ಅಜ್ಜ ಅಜ್ಜಿ ಹೂಡಿದ್ದರು. ಆದ್ದರಿಂದ ಈ ಹೆಸರು ನನಗೆ ಒಂದು ಸ್ಥಳದ ಹೆಸರಾಗಿ ಮಾತ್ರ ಉಳಿದಿಲ್ಲ.

ಮೊದಲು ಭದ್ರಾವತಿಯ ಮಾತು. ಇದರ ಹಳೆಯ ಹೆಸರು ಬೆಂಕಿಪುರ. ವಂಕಿ ಋಷಿಯ ಹೆಸರಿನಿಂದ ವಂಕಿಪುರವೆಂದಾಗಿ, ಜನರ ಬಾಯಲ್ಲಿ ಬೆಂಕಿಪುರವಾಯಿತೆಂಬುದು ಸ್ಥಳಪುರಾಣ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಪಕ್ಕದಲ್ಲಿ ಭದ್ರಾ ನದಿ, ಸುತ್ತಲೂ ಕಾಡು, ಇಷ್ಟೇ ಅದರ ವೈಭವವಾಗಿತ್ತು. ಬೆಂಕಿ ಬರುವುದಕ್ಕೆ ಮೊದಲೇ ಬೆಂಕಿಯ ಹೆಸರನ್ನು ಹೊತ್ತಿದ್ದ ಊರು, ಬೆಂಕಿ ಬಂದ ಮೇಲೆ ಹೊಳೆಯ ಹೆಸರನ್ನು ಇಟ್ಟುಕೊಂಡಿತು!

ಆ ಬೆಂಕಿಯನ್ನು ತಂದವರು ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಮರವನ್ನೂ ಒಂದೆಡೆಗೆ ತರುವ ಯೋಜನೆಯನ್ನು ಹಾಕಿದರು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಆದ್ದರಿಂದ ಕಾಡಿನ ಮರವನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸಬೇಕಾಯಿತು. ಮರ ಬೇಯುವಾಗ ಬರುವ ಹೊಗೆಯನ್ನೂ ಬಿಡದೆ ಹಿಡಿದು, ಅದರಿಂದ ಟಾರು, ಮರದ ಮದ್ಯಸಾರ ಮೊದಲಾದುವನ್ನು ತೆಗೆದರು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಅಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ನಷ್ಟದ ಮಾತು ಎದ್ದಿತು. ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರೇ ಮರಳಿ ಬಂದು 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ದಡ ಸೇರಿಸಿದರು. 1936ರಲ್ಲಿ ಉಕ್ಕಿನ ತಯಾರಿಕೆ ಮೊದಲಾಯಿತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆಯಾಯಿತು. ಜೋಗದ ವಿದ್ಯುತ್ತು ದೊರೆತ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳೂ ಬಂದವು.

ಇದೆಲ್ಲ ಗ್ರಂಥಗಳಲ್ಲಿ ದೊರೆಯುವ ಚರಿತ್ರೆ. ಸಾಕಚಿ ಎಂಬ ಹಳ್ಳಿ 1919ರಲ್ಲಿ ಜಮ್‌ಷೆಡ್‌ಪುರವೆಂಬ ಹೆಸರನ್ನು ಪಡೆದ ಕಥೆಯೂ ಹೆಚ್ಚುಕಡಮೆ ಇದೇ ಬಗೆಯದು. ಆದರೆ ಕುಲುಮೆಗೆ ಅದಿರು ಹಾಕಲು ಕೈ ಬೇಕು; ಆ ಕೈಗೆ ಹೊತ್ತಿಗೆ ಸರಿಯಾಗಿ ತುತ್ತು ಬೇಕು. ಮೊದಮೊದಲು ಗಂಡಸರು ಒಬ್ಬೊಬ್ಬರೇ ಬಂದು ದುಡಿದು ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟು ದಿನ, ಕಾರ್ಖಾನೆಯ ಊರು ಒಂದು ಬಿಡಾರವಷ್ಟೆ. ಬಿಡಾರವು ಮನೆಯಾಗುವುದು ಹೆಂಗಸು ಬಂದ ಮೇಲೆ. ಈ ಬದಲಾವಣೆಯ ತಾರೀಖನ್ನು ಯಾವ ಕಡತವೂ ಬರೆದಿಟ್ಟಿಲ್ಲ.

ನನ್ನ ಅಜ್ಜಿ ತೀರ್ಥಹಳ್ಳಿಯ ಕಡೆಯ ಹಳ್ಳಿಯವರು. 1952ರಲ್ಲಿ ಮದುವೆಯಾಗಿ, ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ ಅಜ್ಜನ ಹಿಂದೆ ಭದ್ರಾವತಿಗೆ ಬಂದರು. ಹೊಸಮನೆಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಅಜ್ಜಿಗೆ ಆಗ ಹದಿನೆಂಟು ವರ್ಷ. ಹಳ್ಳಿಯಲ್ಲಿ ಅವರು ಸೌದೆಯನ್ನು ದುಡ್ಡು ಕೊಟ್ಟು ಕೊಂಡವರಲ್ಲ. ಇಲ್ಲಿ ಡಿಪೋದಿಂದ ತೂಗಿಸಿ ತರಬೇಕು. "ಕಾಡು ನಮ್ಮ ಕಡೆಯದು, ಸೌದೆ ಮಾತ್ರ ದುಡ್ಡಿನದು" ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಮಲೆನಾಡಿನ ಮರ ಎಲ್ಲಿಗೆ ಹೋಗುತ್ತಿತ್ತೆಂಬುದಕ್ಕೆ ಇದಕ್ಕಿಂತ ಚಿಕ್ಕ ಚರಿತ್ರೆಯನ್ನು ನಾನು ಓದಿಲ್ಲ.

ಮೊದಲನೆಯ ದಿನ ಹಾಲು ಕಾಯಿಸಿ ಆರಿಸಿಟ್ಟಾಗ ಹೆಪ್ಪಿಲ್ಲವೆಂಬುದು ನೆನಪಾಯಿತಂತೆ. ಅಕ್ಕಿ ಬೇಳೆಗಳನ್ನು ಅಂಗಡಿಯಲ್ಲಿ ಕೊಳ್ಳಬಹುದು; ಹೆಪ್ಪನ್ನು ನೆರೆಮನೆಯಿಂದಲೇ ತರಬೇಕು. ಪಕ್ಕದ ಮನೆಯವರು ಸೇಲಂ ಕಡೆಯಿಂದ ಬಂದ ತಮಿಳರು. ಯಾರ ಮನೆಯ ಹೆಪ್ಪನ್ನು ಯಾರು ತರಬಹುದೆಂಬ ಕಟ್ಟುಪಾಡುಗಳ ನಡುವೆ ಬೆಳೆದ ಅಜ್ಜಿ ಒಂದು ದಿನ ತಡೆದು, ಮಾರನೆಯ ದಿನ ಹಾಲಿನ ಪಾತ್ರೆಯನ್ನೇ ಹಿಡಿದುಕೊಂಡು ಹೋಗಿ ನಿಂತರು. ಆಕೆಗೆ ಕನ್ನಡ ಬಾರದು, ಇವರಿಗೆ ತಮಿಳು ತಿಳಿಯದು. ಪಾತ್ರೆಯನ್ನು ನೋಡಿ ಆಕೆ "ಉರೆಮೋರಾ?" ಎಂದು ನಕ್ಕು, ಒಂದು ಚಮಚ ಮಜ್ಜಿಗೆಯನ್ನು ಹಾಕಿದರಂತೆ. ಅಂದಿನಿಂದ ಆಕೆ ಅಜ್ಜಿಗೆ "ಅಕ್ಕ". ಊರಿನಿಂದ ಯಾರೂ ಬಂದು ಸೇರುವುದಕ್ಕೆ ಮುನ್ನ ನನ್ನ ದೊಡ್ಡಪ್ಪನಿಗೆ ಮೊದಲ ಬಾರಿ ಜ್ವರ ಬಂದಾಗ, ಅಜ್ಜ ರಾತ್ರಿ ಪಾಳಿಯಲ್ಲಿದ್ದಾಗ, ಬೆಳಗಿನವರೆಗೆ ಕುಳಿತವರು ಆ ಅಕ್ಕನೇ.

ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು, ಇಷ್ಟು ಭಾಷೆಗಳ ಜನ ಒಂದೇ ನಲ್ಲಿಯ ಮುಂದೆ ಕೊಡವಿಟ್ಟು ನಿಂತರು. ದೇಶದ ಐಕ್ಯದ ಮೇಲೆ ಅಂದು ನಡೆದ ಭಾಷಣಗಳಿಗೆ ಲೆಕ್ಕವಿಲ್ಲ. ಐಕ್ಯ ನಡೆದುದು ಮಾತ್ರ ಈ ನಲ್ಲಿಯ ಮುಂದೆ. ಅಲ್ಲಿ ಜಗಳವಿರಲಿಲ್ಲವೆಂದು ಯಾರೂ ಭಾವಿಸಬಾರದು. ಜಗಳವಾಡಲಿಕ್ಕೂ ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯಲೇಬೇಕಷ್ಟೆ! 1965ರಲ್ಲಿ ಭದ್ರಾವತಿಗೆ ಆಕಾಶವಾಣಿ ಕೇಂದ್ರ ಬಂದಾಗ, ಯಾರ ಮನೆಯಲ್ಲಿ ರೇಡಿಯೋ ಇದ್ದರೂ ಅದು ಬೀದಿಗೆಲ್ಲ ಕೇಳುವಷ್ಟು ಆ ಮನೆಗಳು ಒತ್ತಾಗಿದ್ದವು.

ಕಾರ್ಖಾನೆಯ ಊರಿನಲ್ಲಿ ಮನೆಗಳು ಎರಡು ಬಗೆ. ಕ್ವಾರ್ಟರ್ಸು ಕೆಲಸದೊಂದಿಗೆ ಬರುತ್ತದೆ, ಕೆಲಸದೊಂದಿಗೆ ಹೋಗುತ್ತದೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವನು, ಮಕ್ಕಳನ್ನು ಬೆಳೆಸಿದ ಗೋಡೆಗಳನ್ನು ಬಿಟ್ಟು ಹೊರಡುವ ದಿನವನ್ನೂ ಎಣಿಸಬೇಕು. ಕಾರ್ಖಾನೆಯ ಆವರಣದ ಹೊರಗಿನ ಬೀದಿಗಳಲ್ಲಿ ನಲ್ಲಿ ದೀಪಗಳ ಸೌಕರ್ಯ ಕಡಮೆಯಿದ್ದರೂ, ಸಾಲಸೋಲ ಮಾಡಿ ನಿಲ್ಲಿಸಿದ ಗೋಡೆ ತನ್ನದೇ. ನನ್ನ ಅಜ್ಜ ಸೌಕರ್ಯವನ್ನು ಬಯಸಿದರು. ಅಜ್ಜಿ ಗೋಡೆಯನ್ನು ಬಯಸಿದರು. ಕೊನೆಗೆ ನಡೆದುದು ಅಜ್ಜಿಯ ಮಾತೇ.

ಅಜ್ಜಿಯ ಮಾತಿನ ಬೆಲೆ ತಿಳಿದುದು ಬಹಳ ಕಾಲದ ಮೇಲೆ. 2015ರಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಬ್ಬಿಣ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ, ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದರು, ಊರೂ ಅವರೊಡನೆ ನಿಂತಿತು. ಕಾರ್ಖಾನೆಗಾಗಿ ಹುಟ್ಟಿದ ಊರು ಕಾರ್ಖಾನೆ ಸೊರಗಿದಾಗ ಬಿಡಾರ ಕೀಳಬೇಕಾಗಿತ್ತು. ಕೀಳಲಿಲ್ಲ. ಅದಕ್ಕೆ ಕಾರಣ ಕುಲುಮೆಯಲ್ಲ, ಒಲೆ.

ಇನ್ನು ನಮ್ಮ ಮಾತು. 2009ರಲ್ಲಿ ನಾವು ಶಿವಮೊಗ್ಗದ ಹೊಸಮನೆಗೆ ಬಂದಾಗ ನನ್ನ ಕೈಯಲ್ಲಿ ಉಪನ್ಯಾಸಕನ ನೇಮಕದ ಪತ್ರವಿತ್ತು, ಮನೆಯಲ್ಲಿ ಗ್ಯಾಸಿನ ಒಲೆಯಿತ್ತು. ಗದಗಿನ ಕಡೆಯ ನನ್ನ ಹೆಂಡತಿ ರೊಟ್ಟಿ ಬಡಿಯುವ ಸದ್ದನ್ನು ಕೇಳಿ ಕೆಳಗಿನ ಮನೆಯವರು ಏನೋ ಬಿದ್ದಿತೆಂದು ಮೇಲೆ ಬಂದರು. ರೊಟ್ಟಿ ತಿಂದು, ಮಾರನೆಯ ದಿನ ಮಿಡಿ ಉಪ್ಪಿನಕಾಯಿ ಕೊಟ್ಟರು. ಹಾಲೂ ಮೊಸರೂ ಈಗ ಪೊಟ್ಟಣದಲ್ಲಿ ದೊರೆಯುತ್ತವೆ. ಹೆಪ್ಪಿಗಾಗಿ ನೆರೆಮನೆಯ ಬಾಗಿಲು ತಟ್ಟುವ ಅಗತ್ಯವಿಲ್ಲ. ಹೊಸ ಊರಿಗೆ ಬಂದ ದಂಪತಿಗಳಿಗೆ ಇಂದು ಕೊರತೆಯಾಗಿರುವುದು ಸಾಮಾನಲ್ಲ, ಬಾಗಿಲು ತಟ್ಟುವುದಕ್ಕೊಂದು ನೆಪ.

ಭದ್ರಾವತಿಯಲ್ಲಿ ಹುಟ್ಟಿದ ಎಷ್ಟೋ ತರುಣ ತರುಣಿಯರು ಇಂದು ಬೆಂಗಳೂರಿನ ಎತ್ತರದ ಮನೆಗಳಲ್ಲಿ ಸಂಸಾರ ಹೂಡುತ್ತಿದ್ದಾರೆ. ಅವರ ಅಜ್ಜಂದಿರು ರೈಲಿನಿಂದಿಳಿದ ಊರಿನಿಂದ ಅವರು ರೈಲು ಹತ್ತುತ್ತಾರೆ. ಇದಕ್ಕಾಗಿ ಅವರನ್ನು ದೂರಬೇಕಾದುದಿಲ್ಲ. ದುಡಿಮೆ ಎಲ್ಲಿಯೋ ವಲಸೆ ಅಲ್ಲಿಗೆ. ಆದರೆ ಊರೊಂದು ತನ್ನದಾಯಿತೇ ಎಂದು ತಿಳಿಯುವುದಕ್ಕೆ ನಮ್ಮಲ್ಲಿ ಒಂದು ಹಳೆಯ ಪ್ರಶ್ನೆಯಿದೆ: "ನಿಮ್ಮದು ಯಾವ ಊರು?" ನನ್ನ ಅಜ್ಜಿ ಕೊನೆಯವರೆಗೂ ತಮ್ಮ ಹಳ್ಳಿಯ ಹೆಸರನ್ನೇ ಹೇಳಿದರು. ಅವರ ಮಕ್ಕಳು ಯೋಚಿಸದೆ "ಭದ್ರಾವತಿ" ಎಂದರು. ಆ ಎರಡು ಉತ್ತರಗಳ ನಡುವಣ ಅಂತರದಲ್ಲಿ ಎಷ್ಟು ಕೊಡ ನೀರು, ಎಷ್ಟು ಜ್ವರದ ರಾತ್ರಿ, ಎಷ್ಟು ಚಮಚ ಹೆಪ್ಪು ಸೇರಿದೆಯೆಂಬುದನ್ನು ಬರೆಯುವವರೆಗೆ, ಆ ಊರಿನ ಚರಿತ್ರೆ ಅರ್ಧ ಮಾತ್ರ ಆದಂತೆ.