ಪದ್ಯಮುಖದಿಂದ ಪದಗ್ರಹಣ: ಕಡಬ ಸೀಮೆಯ ಬಾಲಕರೂ ಇಂಗ್ಲಿಷ್ ಶಿಶುಗೀತಗಳೂ

ಶಬ್ದಗಳನ್ನು ಪದ್ಯದಲ್ಲಿ ಕಟ್ಟಿ ಬಾಲಕರ ನಾಲಗೆಗೆ ಒಪ್ಪಿಸುವ ಪದ್ಧತಿಯು ಈ ದೇಶಕ್ಕೆ ಹೊಸದಲ್ಲ. ಅಮರಸಿಂಹನು ತನ್ನ ನಾಮಲಿಂಗಾನುಶಾಸನವನ್ನು ಅನುಷ್ಟುಪ್ಪಿನಲ್ಲಿ ರಚಿಸಿದುದು ಕವಿತ್ವಪ್ರದರ್ಶನಕ್ಕಾಗಿ ಅಲ್ಲ, ಧಾರಣೆಯ ಸೌಲಭ್ಯಕ್ಕಾಗಿ. ಕನ್ನಡದಲ್ಲಿ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯೂ ಇದೇ ಮಾರ್ಗವನ್ನು ಹಿಡಿದಿರುವುದು. ಆದುದರಿಂದ ಇಂದು ಕಡಬದ ಅಂಗನವಾಡಿಗಳಲ್ಲಿಯೂ ಪ್ರಾಥಮಿಕ ಪಾಠಶಾಲೆಗಳಲ್ಲಿಯೂ ಮಕ್ಕಳು ಇಂಗ್ಲಿಷಿನ ನಿತ್ಯೋಪಯೋಗಿ ಪದಗಳನ್ನು ಹಾಡಿನ ಮೂಲಕ ಕಲಿಯುವುದನ್ನು ಕಂಡು ಪಂಡಿತರು ಮೂಗು ಮುರಿಯಲು ಕಾರಣವಿಲ್ಲ.

ಪುತ್ತೂರು, ಸುಳ್ಯ ಮತ್ತು ಕಡಬ ಈ ಮೂರರ ಸೀಮೆಯು ಕುಮಾರಧಾರೆಯ ಆಸುಪಾಸಿನ ಅಡಕೆ ತೋಟಗಳ ನಾಡು. ಅಮರಸುಳ್ಯ ಭಾಗವು 1834ರವರೆಗೆ ಕೊಡಗಿನ ಅರಸರಿಗೆ ಸೇರಿದ್ದು, ಅನಂತರ ಕೆನರಾ ಜಿಲ್ಲೆಗೆ ಕೂಡಿಸಲ್ಪಟ್ಟಿತು. ಅದೇ ವರ್ಷದಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಮರುವರ್ಷ ಕಲ್ಕತ್ತೆಯಲ್ಲಿ ಮೆಕಾಲೆಯ ಪ್ರಸಿದ್ಧ ಟಿಪ್ಪಣಿ ಹೊರಟಿತು. 1854ರ ವುಡ್ಡನ ನಿರೂಪವು ಸಾಮಾನ್ಯ ಜನರಿಗೆ ದೇಶಭಾಷೆಯಲ್ಲಿಯೇ ವಿದ್ಯೆ ದೊರೆಯಬೇಕೆಂದು ವಿಧಿಸಿದುದರಿಂದ, ಹಳ್ಳಿಯ ಬಾಲಕನಿಗೆ ಇಂಗ್ಲಿಷು ಬಹುಕಾಲ ದೂರದ ವಸ್ತುವಾಗಿಯೇ ಉಳಿಯಿತು. ಕರ್ಣಾಟಕದ ಸರಕಾರಿ ಪಾಠಶಾಲೆಗಳಲ್ಲಿ ಐದನೆಯ ತರಗತಿಯಿಂದ ಕಲಿಸಲ್ಪಡುತ್ತಿದ್ದ ಈ ಭಾಷೆಯು 2007–08ರಿಂದ ಒಂದನೆಯ ತರಗತಿಗೇ ಇಳಿಯಿತು. ಅಕ್ಷರವನ್ನೇ ಅರಿಯದ ಆರು ವರ್ಷದ ಮಗುವಿಗೆ ವ್ಯಾಕರಣವನ್ನು ಹೇಳುವಂತಿಲ್ಲ, ಹಾಡೊಂದೇ ಗತಿಯಾಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ–ಕಲಿ ಪದ್ಧತಿಯು ಹಾಡಿಗೂ ಆಟಕ್ಕೂ ಆಗಲೇ ತರಗತಿಯೊಳಗೆ ಮಣೆ ಹಾಕಿತ್ತು.

ಈ ಗೀತಗಳ ವಂಶಾವಳಿಯೂ ಕುತೂಹಲಕರವಾದುದು. ಕರಿಯ ಕುರಿಯ ಹಾಡು 1744ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದುದು. ಮಿನುಗುವ ನಕ್ಷತ್ರದ ಹಾಡು ಜೇನ್ ಟೇಲರಳು 1806ರಲ್ಲಿ ಪ್ರಕಟಿಸಿದುದು. ಅಕ್ಷರಮಾಲೆಯ ಹಾಡು 1835ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹೊರಬಂದುದು. ಮೂರನ್ನೂ ಹಾಡುವುದು ಫ್ರೆಂಚರ ಒಂದೇ ಹಳೆಯ ಧಾಟಿಯ ನೆರಳಿನಲ್ಲಿ. ಅನುಷ್ಟುಪ್ಪು ಸಕಲ ಶಾಸ್ತ್ರಗಳಿಗೂ ವಾಹನವಾದಂತೆ ಇಲ್ಲಿ ಒಂದು ಧಾಟಿ ಹಲವು ಪಾಠಗಳನ್ನು ಹೊತ್ತಿದೆ. ಹೊರುವಾಗ ಕೆಲವು ಎಡವಟ್ಟುಗಳೂ ಆಗುವುವು. ಅಕ್ಷರಮಾಲೆಯ ಹಾಡಿನಲ್ಲಿ ಎಲ್, ಎಮ್, ಎನ್, ಓ, ಪಿ ಎಂಬ ಐದಕ್ಷರಗಳು ತ್ವರಿತಗತಿಯಲ್ಲಿ ಕೂಡಿಕೊಳ್ಳುವುದರಿಂದ ಅನೇಕ ಮಕ್ಕಳು ಅವನ್ನು ಒಂದೇ ಅಕ್ಷರವೆಂದು ಭಾವಿಸುವರು. ಸಂಧಿಯಲ್ಲಿ ಬೆಸೆದ ಅಮರದ ಶ್ಲೋಕವನ್ನು ಪದಚ್ಛೇದವಿಲ್ಲದೆ ಉರುಹೊಡೆದ ವಟುವಿನ ಪಾಡೂ ಇದೇ ಅಲ್ಲವೆ?

ಕೇವಲ ಉಚ್ಚಾರಣೆಯಿಂದ ಅರ್ಥವು ಕೈಗೂಡದೆಂಬುದನ್ನು ನಮ್ಮ ಶಾಸ್ತ್ರಕಾರರು ಚೆನ್ನಾಗಿ ವಿಚಾರಿಸಿರುವರು. ಶಕ್ತಿಗ್ರಹಕ್ಕೆ ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ ಮುಂತಾದುವು ಸಾಧನಗಳಾದರೂ ಬಾಲಕನಿಗೆ ಮೊದಲನೆಯ ಗುರುವು ವೃದ್ಧವ್ಯವಹಾರವೇ. ಹಿರಿಯನೊಬ್ಬನು ಹಸುವನ್ನು ತರಹೇಳಿದಾಗಲೂ ಕಟ್ಟಹೇಳಿದಾಗಲೂ ಮತ್ತೊಬ್ಬನು ಮಾಡುವ ಕ್ರಿಯೆಯನ್ನು ನೋಡಿ, ಆವಾಪ–ಉದ್ವಾಪಗಳಿಂದ ಮಗುವು ಪದಪದದ ಅರ್ಥವನ್ನು ಬಿಡಿಸಿಕೊಳ್ಳುವುದು. ತಲೆ, ಹೆಗಲು, ಮೊಣಕಾಲು, ಕಾಲ್ಬೆರಳುಗಳನ್ನು ಮುಟ್ಟುತ್ತ ಹಾಡುವ ಪ್ರಸಿದ್ಧ ಇಂಗ್ಲಿಷ್ ಗೀತವು ಈ ನ್ಯಾಯಕ್ಕೆ ಒಪ್ಪುವುದು. ಅದರಲ್ಲಿ ಬರುವ ಅಂಗಗಳು ಎಂಟೇ. ಅಮರದ ಮನುಷ್ಯವರ್ಗವಾದರೋ ಒಂದೊಂದು ಅಂಗಕ್ಕೂ ಪರ್ಯಾಯಗಳ ಸಾಲನ್ನೇ ನೀಡುವುದು; ಆದರೆ ಮುಟ್ಟಿ ತೋರಿಸುವುದನ್ನು ಉಪಾಧ್ಯಾಯನಿಗೆ ಬಿಟ್ಟಿದೆ. ಮೊದಲ ಪಾಠಕ್ಕೆ ಗೀತವೇ ಮೇಲು.

ಕಡಬದಲ್ಲಿ ಈ ಮುಟ್ಟುವಿಕೆಗೆ ಇರುವ ಬೆಲೆ ಇನ್ನೂ ಹೆಚ್ಚಿನದು. ಇಲ್ಲಿಯ ಮನೆಮಾತು ತುಳು, ಅರೆಭಾಷೆ, ಹವ್ಯಕ, ಮಲೆಯಾಳ, ಬ್ಯಾರಿ ಎಂದು ಹಲವು ಬಗೆ. ತುಳುವ ಮಗುವು ತರೆ, ಕೆಬಿ, ಮೂಂಕು ಎಂದು ಕಲಿತು ಬಂದು, ಪಾಠಶಾಲೆಯಲ್ಲಿ ತಲೆ, ಕಿವಿ, ಮೂಗು ಎಂಬುದನ್ನು ಕೇಳುವುದು. ಸೋದರಭಾಷೆಯಾದುದರಿಂದ ತೊಡಕು ಅಲ್ಪ. ಇಂಗ್ಲಿಷಿಗೆ ಅಂತಹ ನಂಟಿಲ್ಲ. ಬೆರಳು ಮೂಗಿನ ಮೇಲಿದ್ದರೆ ಭಾಷಾಂತರವೇ ಬೇಡ. ಕರಿಯ ಕುರಿಯ ಹಾಡಿಗೆ ಮಾತ್ರ ಈ ಸೌಲಭ್ಯವಿಲ್ಲ. ಮಳೆ ಧಾರಾಳವಾಗಿ ಸುರಿಯುವ ಈ ಘಟ್ಟದಡಿಯ ನಾಡಿನಲ್ಲಿ ಕುರಿಮಂದೆಯೂ ಉಣ್ಣೆಯ ಚೀಲವೂ ಕಣ್ಣಿಗೆ ಬೀಳುವ ವಸ್ತುಗಳಲ್ಲ. ಮಗುವು ನಾದವನ್ನು ಹಿಡಿಯುವುದು, ಪದಾರ್ಥವನ್ನಲ್ಲ. ಅಷ್ಟರಲ್ಲಿ ಹಾಡಿನಿಂದ ಬಂದ ಬಣ್ಣಗಳ ಹೆಸರೂ ಎಣಿಕೆಯೂ ಮನೆಮಾತಿನವನ್ನು ಹಿಂದೆ ತಳ್ಳಿದರೆ, ಕೋಶವು ಬೆಳೆಯಿತೆನ್ನಬೇಕೋ ಒಂದು ಪುಟ ಹರಿದು ಇನ್ನೊಂದನ್ನು ಅಂಟಿಸಿದಂತಾಯಿತೆನ್ನಬೇಕೋ ತಿಳಿಯದು.

ಈ ಜಿಲ್ಲೆಯಲ್ಲಿ ಕನ್ನಡವೇ ಒಮ್ಮೆ ಇದೇ ಬಾಗಿಲಿನಿಂದ ಬಂದುದನ್ನು ಮರೆಯಲಾಗದು. ಬಂಟವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಅಧ್ಯಾಪಕರಾಗಿಯೂ ಪಾಠಶಾಲೆಗಳ ಇನ್ಸ್ಪೆಕ್ಟರರಾಗಿಯೂ ದುಡಿದ ಅವರು ತುಳು, ಕೊಂಕಣಿಗಳ ಮಕ್ಕಳಿಗೆ ಕನ್ನಡವು ಪುಸ್ತಕದ ಭಾಷೆಯೆಂಬುದನ್ನು ಬಲ್ಲವರಾಗಿದ್ದರು. ಇಂಗ್ಲಿಷ್ ಶಿಶುಗೀತಗಳ ಪರಿಚಯವಿದ್ದೂ ಅವರು ಉಣ್ಣೆಯ ಚೀಲವನ್ನು ಹೊತ್ತು ತರಲಿಲ್ಲ, ನಾಗರಹಾವನ್ನು ಕರೆದರು. ಆ ಹಾವನ್ನು ಕಾಣದ ಮಗು ಕಡಬದ ತೋಟಗಳಲ್ಲಿ ಇಲ್ಲ.