ಅಂಬಾಸಿಡರ್ ಬಾಗಿಲೊಳಗೆ ಏನಿದೆ?

ಮುಂಗಾರು ಶುರುವಾದ ವಾರವೇ ನಮ್ಮ ಗೆಳೆಯನ ತಂದೆಯ ಅಂಬಾಸಿಡರ್‌ನ ಡ್ರೈವರ್ ಬದಿಯ ಗಾಜು ಅರ್ಧಕ್ಕೆ ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮಳೆ ನೀರು ನೇರ ಸೀಟಿನ ಮೇಲೆ. ಟ್ಯಾಕ್ಸಿ ಓಡಿಸಿ ಮೂರು ಮಕ್ಕಳನ್ನು ಓದಿಸಿದ ಕಾರದು. ಗುಜರಿಯವನು ಆಗಲೇ ಎರಡು ಸಲ ಬಂದು ರೇಟು ಹೇಳಿ ಹೋಗಿದ್ದ. "ಈ ಗಾಜೊಂದು ಸರಿ ಹೋಗದಿದ್ದರೆ ಕೊಟ್ಟುಬಿಡ್ತೀನಿ ಕಣ್ರಪ್ಪಾ" ಎಂದರು ಅವರು. ಹಳೇ ಕಾರುಗಳ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮಾತಾಡಿಕೊಳ್ಳುತ್ತಿದ್ದ ನಾವು ಆ ಭಾನುವಾರ ಊರಿನ ಗ್ಯಾರೇಜಿನ ಮುಂದೆ ಕೂತೆವು.

ಮೇಸ್ತ್ರಿ ಮೊದಲು ಮಾಡಿದ ಕೆಲಸ ನಮ್ಮ ಕೈ ಹಿಡಿದಿದ್ದು. ನಾವು ಹ್ಯಾಂಡಲ್ ಬಲವಾಗಿ ತಿರುಗಿಸಲು ಹೊರಟಿದ್ದೆವು. "ಜೋರು ಮಾಡಬ್ಯಾಡ್ರಪ್ಪಾ, ಹಲ್ಲು ಹೋದ್ರೆ ಎಲ್ಲಿಂದ ತರೋದು?" ಎಂದರು. ನ್ಯಾಯವಾದ ಪ್ರಶ್ನೆ. ಈ ಕಾರು ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. 2017ರಲ್ಲಿ 'ಅಂಬಾಸಿಡರ್' ಎಂಬ ಹೆಸರೂ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪನಿಗೆ ಮಾರಾಟವಾಯಿತು. ಈಗ ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತಬೇಕು. ಅಲ್ಲಿಯೂ ಸಿಗುವುದು ಇನ್ನೊಂದು ಸತ್ತ ಕಾರಿನಿಂದ ಬಿಚ್ಚಿದ್ದೇ.

ಹ್ಯಾಂಡಲ್ ಬಿಚ್ಚಿ, ರೆಕ್ಸಿನ್ ಹೊದಿಸಿದ ಡೋರ್ ಪ್ಯಾಡನ್ನು ಕ್ಲಿಪ್ಪುಗಳಿಂದ ಮೆಲ್ಲಗೆ ಎಬ್ಬಿಸಿದಾಗ ಒಳಗಿನ 'ಗ್ಲಾಸ್ ಮಷಿನ್' ಕಂಡಿತು. ಅದು ಇಷ್ಟೇ: ಹ್ಯಾಂಡಲ್ಲಿನ ತುದಿಯಲ್ಲಿ ಒಂದು ಪುಟ್ಟ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡ, ಬೀಸಣಿಗೆಯಾಕಾರದ ಇನ್ನೊಂದು ಹಲ್ಲುಪಟ್ಟಿ, ಅದಕ್ಕೆ ಸೇರಿದ ಉದ್ದನೆಯ ತೋಳು. ತೋಳಿನ ತುದಿಯ ಉರುಳೆ ಗಾಜಿನ ಬುಡಕ್ಕೆ ಹಾಕಿದ ಪಟ್ಟಿಯೊಳಗೆ ಜಾರುತ್ತಾ ಗಾಜನ್ನು ಎತ್ತುತ್ತದೆ. ಗಾಜಿನ ಭಾರವನ್ನು ಅರ್ಧ ಹೊರಲು ಒಂದು ಸುರುಳಿ ಸ್ಪ್ರಿಂಗ್. ಕೈಬಿಟ್ಟಾಗ ಗಾಜು ತಾನಾಗಿ ಇಳಿಯದಂತೆ ಹ್ಯಾಂಡಲ್ಲಿನ ಬುಡದಲ್ಲಿ ಇನ್ನೊಂದು. ವೈರಿಲ್ಲ, ಮೋಟಾರಿಲ್ಲ. ರಾಟೆ ನೋಡಿದವರಿಗೆ ಇದು ಅರ್ಥವಾಗದೆ ಇರದು.

ಆದರೆ ಇಷ್ಟು ಸರಳವಾದದ್ದೂ ಕಾರಿನ ಜೊತೆಯಲ್ಲೇ ಹುಟ್ಟಿದ್ದಲ್ಲ. ಮೊದಮೊದಲ ಕಾರುಗಳಿಗೆ ಗಾಜಿನ ಕಿಟಕಿಯೇ ಇರಲಿಲ್ಲ. ಮಳೆ ಬಂದರೆ ಕ್ಯಾನ್ವಾಸ್ ಪರದೆ. ಮುಚ್ಚಿದ ಕಾರುಗಳು ಬಂದಾಗ ಗಾಜು ಎತ್ತಲು ಹಳೇ ರೈಲು ಡಬ್ಬಿಯಲ್ಲಿದ್ದಂತೆ ಚರ್ಮದ ಪಟ್ಟಿ. ಪಟ್ಟಿಯ ತೂತನ್ನು ಗೂಟಕ್ಕೆ ಸಿಕ್ಕಿಸಿದರೆ ಗಾಜು ಅಲ್ಲಿಗೆ ನಿಲ್ಲುತ್ತಿತ್ತು. ಹಲ್ಲುಚಕ್ರದ ವ್ಯವಸ್ಥೆ ಸಾಮಾನ್ಯವಾಗಿದ್ದು 1920ರ ದಶಕದಲ್ಲಿ. ಅಮೆರಿಕದ ದುಬಾರಿ ಪ್ಯಾಕರ್ಡ್ ಕಾರುಗಳಲ್ಲಿ 1940ರ ಹೊತ್ತಿಗೇ ಗುಂಡಿ ಒತ್ತಿದರೆ ಏರುವ ಗಾಜು ಬಂದಿತ್ತು. ನಾವು ಮಾತ್ರ ಅದಾದ ಮೇಲೂ ಅರ್ಧ ಶತಮಾನ ಹ್ಯಾಂಡಲ್ ತಿರುಗಿಸಿದೆವು.

ಯಾಕೆ? ಇಲ್ಲಿ ಕತೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ದೇಶದಲ್ಲೇ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧ ಮಾಡಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನು ಹತ್ತಿದರು. ಮೈಸೂರು ಸಂಸ್ಥಾನ ಕೈಜೋಡಿಸಲು ತಯಾರಿತ್ತು. ಬ್ರಿಟಿಷ್ ಭಾರತ ಸರ್ಕಾರ ಮಾತ್ರ ಒಪ್ಪಲಿಲ್ಲ, ಯುದ್ಧದ ಕಾಲದಲ್ಲಿ ಕಾರು ಕಾರ್ಖಾನೆ ಅಗತ್ಯದ್ದಲ್ಲ ಎಂದಿತು. ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ವಿಮಾನಕ್ಕೆ ಸಿಕ್ಕ ಅನುಮತಿ ಕಾರಿಗೆ ಸಿಗಲಿಲ್ಲ! ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಕೊನೆಗೆ 1944ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ಪದ್ಮಿನಿ ಎಂದು ನಾವು ಕರೆಯುವ ಫಿಯೆಟ್ ಅದರದೇ. ಬಿರ್ಲಾಗಳ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ ಸ್ವಾತಂತ್ರ್ಯದ ನಂತರ ಉತ್ತರಪಾರಾಕ್ಕೆ ಹೋಯಿತು.

1950ರ ದಶಕದಲ್ಲಿ ಸರ್ಕಾರ, ಇಲ್ಲೇ ತಯಾರಿಸುವವರಿಗೆ ಮಾತ್ರ ಜಾಗ, ಹೊರಗಿನ ಭಾಗ ತಂದು ಜೋಡಿಸುವವರಿಗೆ ಇಲ್ಲ ಎಂದಿತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟು ಕಟ್ಟಿದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರಿನ ಅಚ್ಚುಗಳು ಉತ್ತರಪಾರಾಕ್ಕೆ ಬಂದು 1957ರ ಸುಮಾರಿಗೆ ಅಂಬಾಸಿಡರ್ ಆಯಿತು. ಆ ಮಾದರಿ ಇಂಗ್ಲೆಂಡಿನಲ್ಲಿ ತಯಾರಾಗಿದ್ದು 1956ರಿಂದ 1959ರವರೆಗೆ ಅಷ್ಟೇ. ಇಲ್ಲಿ ಐವತ್ತು ವರ್ಷ ದಾಟಿತು. 1992ರಲ್ಲಿ ಇಸುಜು ಎಂಜಿನ್ ಬಂದರೂ ಮೈಕಟ್ಟು ಹೆಚ್ಚು ಕಡಿಮೆ ಅದೇ. ಪೈಪೋಟಿ ಇಲ್ಲದ್ದರಿಂದ ಕಂಪನಿ ಸೋಮಾರಿಯಾಯಿತು ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬದಲಾಗದ ಕಾರಿಗೆ ಇನ್ನೊಂದು ಮುಖವೂ ಇದೆ. ನಮ್ಮ ಮೇಸ್ತ್ರಿ ಹದಿನಾಲ್ಕನೇ ವಯಸ್ಸಿನಲ್ಲಿ ಕಲಿತ ಬಾಗಿಲನ್ನು ಅರವತ್ತರಲ್ಲೂ ಕಣ್ಣುಮುಚ್ಚಿ ಬಿಚ್ಚಬಲ್ಲರು. ಹೋಬಳಿ ಊರುಗಳ ಗ್ಯಾರೇಜುಗಳು ಬದುಕಿದ್ದೇ ಹೀಗೆ. ಯಾವ ಕಂಪನಿಯೂ ಅವರಿಗೆ ತರಬೇತಿ ಕೊಡಲಿಲ್ಲ.

ಬಾಗಿಲಿಗೆ ವಾಪಸು ಬರೋಣ. ಮೇಸ್ತ್ರಿ ಗಾಜಿಗೆ ಮರದ ಬೆಣೆ ಕೊಟ್ಟು ನಿಲ್ಲಿಸಿ, ತೋಳನ್ನು ಗಾಜಿನ ಪಟ್ಟಿಯಿಂದ ಬಿಡಿಸಿದರು. ಬೆಣೆ ಕೊಡದೆ ಬಿಡಿಸಿದರೆ ಗಾಜು ಧಡಕ್ಕನೆ ಬಾಗಿಲೊಳಗೆ ಬೀಳುತ್ತದೆ. ಮಷಿನ್ ಸ್ಪ್ರಿಂಗಿನಲ್ಲೂ ಬಿಗಿ ಇರುತ್ತದೆ, ಬಿಚ್ಚುವಾಗ ಬೆರಳು ಜೋಪಾನ. ನಂತರ ಬರಿಗೈಯಿಂದ ಗಾಜನ್ನು ಎತ್ತಿ ನೋಡಿದರು. ಸಲೀಸಾಗಿ ಬಂದರೆ ರೋಗ ಮಷಿನ್‌ನದು, ಬರದಿದ್ದರೆ ಗಾಜು ಓಡಾಡುವ ಚಾನಲ್‌ನದು. ಗಾಜು ಅಲ್ಲಾಡಲಿಲ್ಲ. ಖಾಲಿ ಹ್ಯಾಂಡಲ್ ಮಾತ್ರ ಸರಾಗವಾಗಿ ತಿರುಗಿತು. ಹಲ್ಲುಗಳು ಉಳಿದಿದ್ದವು.

ಚಾನಲ್ಲಿನ ಒಳಗಿನ ಫೆಲ್ಟ್ ಕಪ್ಪಗೆ, ಹಪ್ಪಳದಂತೆ ಗಟ್ಟಿಯಾಗಿತ್ತು. ಹಿಂದೆ ಯಾರೋ ಸಲೀಸಾಗಲಿ ಎಂದು ಎಂಜಿನ್ ಆಯಿಲ್ ಬಿಟ್ಟಿದ್ದರು. ಆಯಿಲ್‌ಗೆ ನಮ್ಮ ರಸ್ತೆಯ ಕೆಂಪು ಧೂಳು ಸೇರಿ ಅಂಟಾಗಿತ್ತು. ಇನ್ನೊಂದು ಕಾರಣ ಬಾಗಿಲಿನ ತಳದಲ್ಲಿತ್ತು. ಗಾಜಿನ ಪಕ್ಕದಿಂದ ಒಳಗಿಳಿಯುವ ನೀರು ಹೊರಹೋಗಲು ಅಲ್ಲಿ ತೂತುಗಳಿರುತ್ತವೆ. ಅವು ಮಣ್ಣು, ಹುಣಸೆ ಎಲೆಯಿಂದ ಮುಚ್ಚಿ, ನೀರು ನಿಂತು, ಚಾನಲ್ಲಿನ ಬುಡ ತುಕ್ಕು ಹಿಡಿದು ಉಬ್ಬಿತ್ತು. ಗಾಜು ಸಿಕ್ಕಿಕೊಂಡಿದ್ದು ಅಲ್ಲೇ. ಕಾರು ನಿಲ್ಲುತ್ತಿದ್ದದ್ದು ಹುಣಸೆ ಮರದಡಿ. ಯಜಮಾನರು ತಲೆ ಕೆರೆದುಕೊಂಡರು.

ಹಳೇ ಫೆಲ್ಟ್ ಕಿತ್ತು, ತುಕ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಒಣಗಿಸಿದ್ದು ನಮ್ಮ ಪಾಲಿನ ಕೆಲಸ. ಉಗುರು ಸಂದಿನ ಕೆಂಪು ಮೂರು ದಿನ ಹೋಗಲಿಲ್ಲ. ತಂತಿಯಿಂದ ತಳದ ತೂತುಗಳನ್ನು ಬಿಡಿಸಿದೆವು. ಫೆಲ್ಟ್ ಚಾನಲ್ ಅಡಿ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು ಅಳತೆಗೆ ಕತ್ತರಿಸಿ ಕೂರಿಸಿದರು. ಹಲ್ಲುಗಳಿಗೂ ಉರುಳೆಗೂ ಹೊಸ ಗ್ರೀಸ್, ಗಾಜಿನ ಅಂಚಿಗೆ ಮಾತ್ರ ಮೇಣದ ಬತ್ತಿ. ಅಲ್ಲಿ ಎಣ್ಣೆ, ಗ್ರೀಸ್ ಕೂಡದು: ರಬ್ಬರ್ ಕೆಡುತ್ತದೆ, ಧೂಳು ಕೂರುತ್ತದೆ. ಪ್ಯಾಡ್ ಹಾಕುವ ಮೊದಲು ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಲು ಮರೆಯಲಿಲ್ಲ. ಅದಿಲ್ಲದೆ ಪ್ಯಾಡಿನ ರಟ್ಟು ಒದ್ದೆಯಾಗಿ ಸೊಟ್ಟಗಾಗುತ್ತದೆ.

ಸಂಜೆ ಐದರ ಹೊತ್ತಿಗೆ ಯಜಮಾನರೇ ಕೂತು ಹ್ಯಾಂಡಲ್ ತಿರುಗಿಸಿದರು. ಗಾಜು ಒಂದು ಸಲ ಕಿರ್ ಎಂದಿತು, ಆಮೇಲೆ ಮಾತಿಲ್ಲದೆ ಮೇಲಕ್ಕೆ ಹೋಗಿ ಕೂತಿತು. ಅವರು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಮೇಸ್ತ್ರಿ ಉಳಿದ ಮೂರು ಬಾಗಿಲುಗಳ ತಳವನ್ನು ಬೆರಳಲ್ಲಿ ತಟ್ಟಿ ನೋಡಿ, "ಹಿಂದಿನ ಎಡಗಡೇದು ಮುಂದಿನ ಭಾನುವಾರ ತನ್ನಿ" ಎಂದರು. ಕಾರು ಈಗ ಹುಣಸೆ ಮರದಡಿ ನಿಲ್ಲುವುದಿಲ್ಲ, ಹಳೇ ದನದ ಕೊಟ್ಟಿಗೆಗೆ ಹೋಗಿದೆ.